ಹರಡಿದ ಗರ್ಭಕೋಶದ ಕ್ಯಾನ್ಸರ್: ಮೇಣದ ತುಂಡು ತೋರಿಸುವ ದಾರಿ

ಗರ್ಭಕೋಶದ ಒಳಪೊರೆಯಲ್ಲಿ ಹುಟ್ಟುವ ಕ್ಯಾನ್ಸರನ್ನೂ ಗರ್ಭಕೋಶದ ಕೊರಳಿನಲ್ಲಿ ಹುಟ್ಟುವ ಕ್ಯಾನ್ಸರನ್ನೂ ಹಾವೇರಿ ಜಿಲ್ಲೆಯ ಆಡುಮಾತಿನಲ್ಲಿ ‘ಗರ್ಭಚೀಲದ ಕ್ಯಾನ್ಸರ್’ ಎಂದು ಒಂದೇ ಹೆಸರಿನಿಂದ ಕರೆಯುತ್ತಾರೆ. ಹೆಸರು ಒಂದಾದರೂ ರೋಗಗಳು ಎರಡು. ಕೊರಳಿನ ಕ್ಯಾನ್ಸರ್ ಬಹುತೇಕ ಎಚ್‌ಪಿವಿ ವೈರಸ್ಸಿನ ಸೋಂಕಿನಿಂದ ಬರುವಂಥದ್ದು. ಅದು ಬಲಿತಾಗ ಮುಖ್ಯ ಚಿಕಿತ್ಸೆ ರೇಡಿಯೇಶನ್, ಜನರ ಬಾಯಲ್ಲಿ ‘ಕರೆಂಟ್ ಕೊಡೋದು’. ಒಳಪೊರೆಯ ಕ್ಯಾನ್ಸರ್ ಹೆಚ್ಚಾಗಿ ಹಾರ್ಮೋನಿನ ಏರುಪೇರಿನ ಜೊತೆ ಹೆಣೆದುಕೊಂಡು ಬರುತ್ತದೆ. ಅದಕ್ಕೆ ಮೊದಲ ಆಯುಧ ಶಸ್ತ್ರಚಿಕಿತ್ಸೆ, ಹರಡಿದ ಮೇಲೆ ಔಷಧಿ. ಪಕ್ಕದ ಮನೆಯವರಿಗೆ ಕರೆಂಟಿನಿಂದ ಗುಣವಾಯಿತು, ನಮ್ಮವರಿಗೆ ಯಾಕೆ ಕೊಡುತ್ತಿಲ್ಲ ಎಂಬ ಜಗಳ ಎಷ್ಟೋ ಸಲ ಈ ಒಂದು ಹೆಸರಿನ ಗೊಂದಲದಿಂದಲೇ ಹುಟ್ಟುತ್ತದೆ.

ಗರ್ಭಕೋಶದ ಒಳಪೊರೆಯೆಂದರೆ ತಿಂಗಳು ತಿಂಗಳು ಬೆಳೆದು ಮುಟ್ಟಿನಲ್ಲಿ ಕಳಚಿಹೋಗುವ ಪೊರೆ. ಈಸ್ಟ್ರೋಜನ್ ಅದನ್ನು ಬೆಳೆಸುತ್ತದೆ, ಪ್ರೊಜೆಸ್ಟರಾನ್ ಹಿಡಿತದಲ್ಲಿಡುತ್ತದೆ. ಮುಟ್ಟು ನಿಂತ ಮೇಲೆ ಅಂಡಾಶಯ ಸುಮ್ಮನಾದರೂ ದೇಹದ ಕೊಬ್ಬು ಈಸ್ಟ್ರೋಜನ್ ತಯಾರಿಸುವುದನ್ನು ನಿಲ್ಲಿಸುವುದಿಲ್ಲ. ಆದ್ದರಿಂದಲೇ ಬೊಜ್ಜು, ಸಕ್ಕರೆ ಕಾಯಿಲೆ, ಹೆರಿಗೆಯಾಗದಿರುವುದು, ಮುಟ್ಟು ತಡವಾಗಿ ನಿಲ್ಲುವುದು ಇವೆಲ್ಲ ಈ ರೋಗದ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4.2 ಲಕ್ಷ ಮಹಿಳೆಯರಲ್ಲಿ ಇದು ಹೊಸದಾಗಿ ಪತ್ತೆಯಾಗುತ್ತದೆ. ಭಾರತದಲ್ಲಿ ಕೊರಳಿನ ಕ್ಯಾನ್ಸರಿಗಿಂತ ಕಡಿಮೆ. ಆದರೆ ಸಕ್ಕರೆ ಕಾಯಿಲೆ ಪಟ್ಟಣ ದಾಟಿ ಹಳ್ಳಿಯ ಮನೆಗಳಿಗೂ ಬಂದಿರುವಾಗ ಇದನ್ನು ಶ್ರೀಮಂತ ದೇಶಗಳ ರೋಗವೆಂದು ಬದಿಗಿಡುವಂತಿಲ್ಲ.

ಗರ್ಭಕೋಶದೊಳಗೇ ಇರುವಾಗ ಸಿಕ್ಕಿದರೆ ಇದು ಗುಣವಾಗುವ ಕ್ಯಾನ್ಸರ್. ಅಮೆರಿಕದ ದಾಖಲೆಗಳ ಪ್ರಕಾರ ಆ ಹಂತದಲ್ಲಿ ನೂರಕ್ಕೆ 95 ಮಂದಿ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಆ ಲೆಕ್ಕ ನೂರಕ್ಕೆ 20ರ ಆಸುಪಾಸಿಗೆ ಕುಸಿಯುತ್ತದೆ. ಕೊರಳಿಗೆ ಇಳಿದರೆ ಎರಡನೆಯ ಹಂತ. ಅಂಡಾಶಯ, ಯೋನಿ ಅಥವಾ ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳಿಗೆ ಹೋದರೆ ಮೂರನೆಯದು. ಮೂತ್ರಕೋಶ ಮತ್ತು ದೊಡ್ಡ ಕರುಳಿನ ಒಳಪದರಕ್ಕೆ ಅಥವಾ ಶ್ವಾಸಕೋಶ, ಯಕೃತ್ತು, ಮೂಳೆಗಳಂಥ ದೂರದ ಜಾಗಗಳಿಗೆ ಹೋದರೆ ನಾಲ್ಕನೆಯದು. ಈ ಬರಹದ ವಿಷಯ ಮೂರರ ಕೊನೆ ಮತ್ತು ನಾಲ್ಕು, ಜೊತೆಗೆ ಒಮ್ಮೆ ಗುಣವಾಗಿ ಮತ್ತೆ ಮರುಕಳಿಸಿದ ರೋಗ.

‘ಹರಡಿದೆ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ ‘ಇದಕ್ಕೆ ಯಾವ ಔಷಧಿ ಐತಿ?’ ಎಂಬುದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ‘ಇದು ಯಾವ ಜಾತಿಯ ಗಡ್ಡೆ?’ ಎಂಬುದನ್ನು. ಒಂದೇ ನಾಲ್ಕನೆಯ ಹಂತದ ಇಬ್ಬರು ಹೆಂಗಸರಲ್ಲಿ ಒಬ್ಬರಿಗೆ ದಿನಕ್ಕೊಂದು ಗುಳಿಗೆಯಲ್ಲಿ ವರ್ಷಗಟ್ಟಲೆ ರೋಗ ಹತೋಟಿಗೆ ಬರಬಹುದು, ಇನ್ನೊಬ್ಬರಿಗೆ ಅದೇ ಗುಳಿಗೆ ನೀರಿನಷ್ಟೂ ಕೆಲಸ ಮಾಡದಿರಬಹುದು. ಆ ವ್ಯತ್ಯಾಸ ಸಿ.ಟಿ. ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಅದು ಇರುವುದು ಒಂದು ಸಣ್ಣ ಮೇಣದ ತುಂಡಿನಲ್ಲಿ.

ಬಯಾಪ್ಸಿಯಲ್ಲಿ ಅಥವಾ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮಾಂಸದ ಚೂರನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಅದರ ನೀರಿನಂಶ ತೆಗೆದು, ಬಿಸಿ ಮೇಣ ತುಂಬಿ ಗಟ್ಟಿ ಮಾಡುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಕೂತ ಬಿಳಿ ಮೇಣ, ನಡುವೆ ಕಂದು ಬಣ್ಣದ ಚುಕ್ಕೆಯಂಥ ಮಾಂಸ, ಅಂಚಿನಲ್ಲಿ ಬರೆದ ನಂಬರು. ಪ್ರಯೋಗಾಲಯದವರು ಇದನ್ನು ‘ಬ್ಲಾಕ್’ ಎನ್ನುತ್ತಾರೆ. ಇದರಿಂದ ಮಿಲಿಮೀಟರಿನ ಸಾವಿರದ ಮೂರು ನಾಲ್ಕು ಪಾಲು ದಪ್ಪದ ಪದರ ಕೊಯ್ದು, ಗಾಜಿನ ಮೇಲಿಟ್ಟು, ಬೇಕಾದ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವ ದ್ರಾವಣ ಹಾಕಿದರೆ, ಆ ಪ್ರೋಟೀನ್ ಇರುವ ಕಡೆ ಕಂದು ಬಣ್ಣ ಏರುತ್ತದೆ, ಇಲ್ಲದ ಕಡೆ ತಿಳಿ ನೀಲಿಯೇ ಉಳಿಯುತ್ತದೆ. ಬ್ಲಾಕು ಕೋಣೆಯ ಉಷ್ಣಾಂಶದಲ್ಲೇ ವರ್ಷಗಟ್ಟಲೆ ಕೆಡದೆ ಇರುತ್ತದೆ. ಮೂರು ವರ್ಷದ ಹಿಂದೆ ಗರ್ಭಕೋಶ ತೆಗೆಸಿಕೊಂಡವರಲ್ಲಿ ಇಂದು ರೋಗ ಮರುಕಳಿಸಿದರೆ ಆ ಹಳೆಯ ಬ್ಲಾಕಿನ ಮೇಲೆಯೇ ಹೊಸ ಪರೀಕ್ಷೆ ಮಾಡಬಹುದು.

ಈ ಪರೀಕ್ಷೆಗಳಿಗೆ ಇಷ್ಟು ಬೆಲೆ ಬಂದದ್ದು 2013ರ ನಂತರ. ಆ ವರ್ಷ ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆಯವರು ಒಳಪೊರೆಯ ಕ್ಯಾನ್ಸರನ್ನು ವಂಶವಾಹಿಗಳ ಆಧಾರದ ಮೇಲೆ ನಾಲ್ಕು ಗುಂಪು ಮಾಡಿದರು. ಪೋಲ್ ಎಂಬ ವಂಶವಾಹಿ ಕೆಟ್ಟ ಗುಂಪು ಅಚ್ಚರಿ ಪಡುವಷ್ಟು ಸೌಮ್ಯವಾದದ್ದು. ಎರಡನೆಯದರಲ್ಲಿ ಡಿಎನ್‌ಎ ನಕಲಾಗುವಾಗ ಬೀಳುವ ತಪ್ಪುಗಳನ್ನು ತಿದ್ದುವ ವ್ಯವಸ್ಥೆಯೇ ಕೆಟ್ಟಿರುತ್ತದೆ. ಮೂರನೆಯದರಲ್ಲಿ ಪಿ53 ಎಂಬ ಕಾವಲುಗಾರ ಪ್ರೋಟೀನ್ ಕೈಕೊಟ್ಟಿರುತ್ತದೆ. ಎಲ್ಲಕ್ಕಿಂತ ಉಗ್ರವಾದದ್ದು ಇದು, ‘ಸೀರಸ್’ ಎಂದು ವರದಿ ಬರುವ ಗಡ್ಡೆಗಳು ಹೆಚ್ಚಾಗಿ ಈ ಗುಂಪಿನವು. ಇವ್ಯಾವುವೂ ಅಲ್ಲದ್ದು ನಾಲ್ಕನೆಯದು. ಗರ್ಭಕೋಶದ ಕ್ಯಾನ್ಸರಿನ ಹಂತಗಳನ್ನು ನಿರ್ಧರಿಸುವ ಅಂತಾರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟ 2023ರಲ್ಲಿ ಹಂತಗಳ ನಿಯಮವನ್ನೇ ತಿದ್ದಿ ಈ ಗುಂಪುಗಳನ್ನು ಅದರೊಳಗೆ ಸೇರಿಸಿತು.

ಹರಡಿದ ರೋಗದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಆ ಎರಡನೆಯ ಗುಂಪು, ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟದ್ದು. ಒಳಪೊರೆಯ ಕ್ಯಾನ್ಸರುಗಳಲ್ಲಿ ನೂರಕ್ಕೆ 25ರಿಂದ 30 ಈ ಬಗೆಯವು. ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ನಾಲ್ಕು ಪ್ರೋಟೀನುಗಳಲ್ಲಿ ಯಾವುದಾದರೂ ಕಾಣೆಯಾಗಿದೆಯೇ ಎಂದು ಬಣ್ಣ ಹಾಕಿ ನೋಡಿದರೆ ಸಾಕು, ಗೊತ್ತಾಗುತ್ತದೆ. ನಾಲ್ಕಕ್ಕೂ ದುಡ್ಡಿಲ್ಲದಿದ್ದರೆ ಪಿಎಂಎಸ್2 ಮತ್ತು ಎಂಎಸ್‌ಎಚ್6 ಎರಡನ್ನೇ ನೋಡಿದರೂ ಬಹುಪಾಲು ಪ್ರಕರಣಗಳು ಸಿಗುತ್ತವೆ, ಏಕೆಂದರೆ ಉಳಿದೆರಡರಲ್ಲಿ ಒಂದು ಕೆಟ್ಟರೆ ಅದರ ಜೋಡಿಯಾದ ಇವೂ ಮಾಯವಾಗುತ್ತವೆ. ಇದರ ಜೊತೆಗೆ ಪಿ53, ಹಾರ್ಮೋನ್ ಗ್ರಾಹಕಗಳು, ಸೀರಸ್ ಗಡ್ಡೆಯಾದರೆ ಹರ್2 ಎಂಬ ಪ್ರೋಟೀನನ್ನೂ ನೋಡಬೇಕು. ಇಷ್ಟು ಪರೀಕ್ಷೆಗಳ ಖರ್ಚು ಒಂದೆರಡು ಕೀಮೋ ಸುತ್ತಿನ ಓಡಾಟದ ಖರ್ಚಿಗಿಂತ ಬಹಳ ಹೆಚ್ಚಿನದಲ್ಲ. ಇವುಗಳಿಲ್ಲದೆ ಹರಡಿದ ಒಳಪೊರೆಯ ಕ್ಯಾನ್ಸರಿಗೆ ಚಿಕಿತ್ಸೆ ಆರಂಭಿಸುವುದು ಕಣ್ಣು ಕಟ್ಟಿಕೊಂಡು ಗಾಡಿ ಹೊಡೆದಂತೆ.

ಇದರಿಂದ ಮನೆಯ ಉಳಿದವರಿಗೂ ಉಪಯೋಗವಿದೆ. ತಪ್ಪು ತಿದ್ದುವ ವಂಶವಾಹಿ ಕೆಟ್ಟಿರುವುದು ಕೆಲವರಲ್ಲಿ ಹುಟ್ಟಿನಿಂದಲೇ ಬಂದದ್ದು. ಅದನ್ನು ಲಿಂಚ್ ಸಿಂಡ್ರೋಮ್ ಎನ್ನುತ್ತಾರೆ. ಒಳಪೊರೆಯ ಕ್ಯಾನ್ಸರಿನ ನೂರು ರೋಗಿಗಳಲ್ಲಿ ಸುಮಾರು ಮೂವರಲ್ಲಿ ಇದಿರುತ್ತದೆ. ತಾಯಿಯಲ್ಲಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ, ಗಂಡಾಗಲಿ ಹೆಣ್ಣಾಗಲಿ. ಅಂಥ ಮಕ್ಕಳಿಗೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಹೆಚ್ಚು. ಸರಿಯಾದ ವಯಸ್ಸಿಗೆ ಕೊಲೊನೋಸ್ಕೋಪಿ ಮಾಡಿಸುತ್ತ ಹೋದರೆ ಅದನ್ನು ತಡೆಯಬಹುದು. ಅವ್ವನ ಬ್ಲಾಕಿನಿಂದ ಮಗನ ಜೀವ ಉಳಿಯಬಹುದೆಂಬುದು ಬರೀ ಮಾತಿನ ಅಲಂಕಾರವಲ್ಲ.

ಚಿಕಿತ್ಸೆಗಳಲ್ಲಿ ಶಸ್ತ್ರಚಿಕಿತ್ಸೆಯನ್ನು ಮೊದಲು ಹೇಳಬೇಕು, ಹರಡಿದ ರೋಗದಲ್ಲಿ ಅದು ಎಲ್ಲರಿಗೂ ಮೊದಲ ಚಿಕಿತ್ಸೆಯಲ್ಲದಿದ್ದರೂ. ರೋಗ ಹೊಟ್ಟೆಯೊಳಗಷ್ಟೇ ಇದ್ದು, ಕಣ್ಣಿಗೆ ಕಾಣುವ ಗಡ್ಡೆಯನ್ನೆಲ್ಲ ತೆಗೆಯುವುದು ಸಾಧ್ಯ ಎನಿಸಿದರೆ ಗರ್ಭಕೋಶ, ಅಂಡಾಶಯಗಳು, ಉಬ್ಬಿದ ಗ್ರಂಥಿಗಳನ್ನು ತೆಗೆಯುವುದರಿಂದ ಆಯುಷ್ಯ ಹೆಚ್ಚುತ್ತದೆ. ಅಷ್ಟು ಆಗದಿದ್ದರೆ ಮೂರ್ನಾಲ್ಕು ಸುತ್ತು ಕೀಮೋ ಕೊಟ್ಟು, ಗಡ್ಡೆ ಕುಗ್ಗಿದ ಮೇಲೆ ಆಪರೇಶನ್ ಮಾಡುತ್ತಾರೆ. ಶ್ವಾಸಕೋಶ, ಯಕೃತ್ತಿನ ತುಂಬ ಚುಕ್ಕೆಗಳಿರುವಾಗ ಗರ್ಭಕೋಶ ತೆಗೆಯುವುದು ರಕ್ತಸ್ರಾವ ನಿಲ್ಲಿಸುವಂಥ ಕಾರಣಕ್ಕೆ ಮಾತ್ರ ನ್ಯಾಯವಾದದ್ದು. ‘ಮೊದಲು ಅದನ್ನು ತೆಗೆದುಬಿಡಿ’ ಎಂಬ ಮನೆಯವರ ಒತ್ತಾಯಕ್ಕೆ ಮಣಿದು ಮಾಡುವ ಆಪರೇಶನ್ನು ಕೀಮೋವನ್ನು ಆರು ವಾರ ಹಿಂದೂಡುತ್ತದೆ. ಆ ಆರು ವಾರವನ್ನು ರೋಗ ಸುಮ್ಮನೆ ಕಳೆಯುವುದಿಲ್ಲ.

ಗರ್ಭಕೋಶ ತೆಗೆಯುವ ವಿಷಯದಲ್ಲಿ ಹಾವೇರಿ ಜಿಲ್ಲೆಗೆ ತನ್ನದೇ ನೋವಿನ ಅನುಭವವಿದೆ. ರಾಣೆಬೆನ್ನೂರು ಭಾಗದ ನೂರಾರು ಮಹಿಳೆಯರು, ಬಹಳಷ್ಟು ಮಂದಿ ಲಂಬಾಣಿ ತಾಂಡಾಗಳವರು, ಅಗತ್ಯವಿಲ್ಲದೆ ತಮ್ಮ ಗರ್ಭಕೋಶ ತೆಗೆಯಲಾಗಿದೆ ಎಂದು ಪರಿಹಾರ ಕೇಳಿ ಬೀದಿಗಿಳಿದರು. ಬೆನ್ನುನೋವು, ಬಿಳಿಸೆರಗು, ಹೊಟ್ಟೆನೋವು ಎಂದು ಹೋದವರಿಗೆ ‘ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂಬ ಭಯ ಸಾಕಾಗುತ್ತದೆ. ಅದೇ ಜಿಲ್ಲೆಯಲ್ಲಿ ಮುಟ್ಟು ನಿಂತು ಎಂಟು ವರ್ಷವಾದ ಮೇಲೆ ರಕ್ತ ಕಂಡ ಹೆಂಗಸು ‘ನಿಂತ ಮುಟ್ಟು ಮತ್ತ ಬಂತು, ಉಷ್ಣ ಆಗೇತಿ’ ಎಂದು ಸುಮ್ಮನಿದ್ದುಬಿಡುತ್ತಾಳೆ. ರೋಗವಿಲ್ಲದವರಿಗೆ ಚಾಕು, ರೋಗವಿರುವವರಿಗೆ ವಿಳಂಬ. ಎರಡೂ ತಪ್ಪುಗಳ ಬೇರು ಒಂದೇ: ಪರೀಕ್ಷೆ ಮಾಡದೆ ತೀರ್ಮಾನಿಸುವುದು. ಮುಟ್ಟು ನಿಂತ ಮೇಲೆ ರಕ್ತ ಕಂಡವರಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಂದಿಗೆ ಕ್ಯಾನ್ಸರ್ ಇರುತ್ತದೆ. ಉಳಿದ 91 ಮಂದಿಗೆ ಇರುವುದಿಲ್ಲ. ಒಂದು ಅಲ್ಟ್ರಾಸೌಂಡ್, ಪೊರೆ ನಾಲ್ಕು ಮಿಲಿಮೀಟರಿಗಿಂತ ದಪ್ಪವಿದ್ದರೆ ಒಂದು ಸಣ್ಣ ನಳಿಕೆಯ ಬಯಾಪ್ಸಿ, ಇಷ್ಟರಲ್ಲಿ ಇಬ್ಬರನ್ನೂ ಬೇರ್ಪಡಿಸಬಹುದು. ಇನ್ನೂ ಒಂದು ಮಾತು: ಯಾವ ಕಾರಣಕ್ಕೇ ತೆಗೆದಿರಲಿ, ತೆಗೆದ ಗರ್ಭಕೋಶ ಪೆಥಾಲಜಿಗೆ ಹೋಗಲೇಬೇಕು. ಕಸದ ಡಬ್ಬಿಗೆ ಹೋದ ಗರ್ಭಕೋಶದಲ್ಲಿ ಕ್ಯಾನ್ಸರಿದ್ದರೆ ಅದು ಗೊತ್ತಾಗುವುದು ಹರಡಿದ ಮೇಲೆಯೇ.

ಹರಡಿದ ರೋಗದ ಚಿಕಿತ್ಸೆಯ ಬೆನ್ನೆಲುಬು ಇಂದಿಗೂ ಎರಡು ಹಳೆಯ ಔಷಧಿಗಳು, ಪ್ಯಾಕ್ಲಿಟಾಕ್ಸೆಲ್ ಮತ್ತು ಕಾರ್ಬೊಪ್ಲಾಟಿನ್. 21 ದಿನಕ್ಕೊಮ್ಮೆ, ಸಾಮಾನ್ಯವಾಗಿ ಆರು ಸುತ್ತು. ಇದಕ್ಕೂ ಮೊದಲು ಮೂರು ಔಷಧಿಗಳ ಕಠಿಣ ಜೋಡಣೆ ಬಳಕೆಯಲ್ಲಿತ್ತು. 1,300ಕ್ಕೂ ಹೆಚ್ಚು ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 2020ರಲ್ಲಿ ಪೂರ್ಣ ವರದಿ ಬಂದ ಅಧ್ಯಯನದಲ್ಲಿ ಎರಡು ಔಷಧಿಗಳ ಜೋಡಿ ಅದಕ್ಕಿಂತ ಕೀಳಲ್ಲ, ತ್ರಾಸ ಮಾತ್ರ ಕಡಿಮೆ ಎಂದು ಖಚಿತವಾಯಿತು. ಮೂರನೆಯ, ನಾಲ್ಕನೆಯ ಹಂತದವರೂ ಮರುಕಳಿಸಿದವರೂ ಇದ್ದ ಆ ಅಧ್ಯಯನದಲ್ಲಿ ಈ ಜೋಡಿ ಪಡೆದವರ ಮಧ್ಯಮ ಆಯುಷ್ಯ 37 ತಿಂಗಳು. ಅರ್ಧ ಮಂದಿ ಅದಕ್ಕಿಂತ ಹೆಚ್ಚು ಬದುಕಿದರು, ಅರ್ಧ ಮಂದಿ ಕಡಿಮೆ. ‘ನಾಲ್ಕನೇ ಸ್ಟೇಜು, ಇನ್ನು ಮೂರು ತಿಂಗಳು’ ಎಂದು ಹಳ್ಳಿಯ ಕಟ್ಟೆಯ ಮೇಲೆ ಹೇಳುವ ಲೆಕ್ಕಕ್ಕೂ ಇದಕ್ಕೂ ಎಷ್ಟು ದೂರ ಎಂಬುದನ್ನು ಗಮನಿಸಬೇಕು. ಎರಡೂ ಔಷಧಿಗಳು ಭಾರತದಲ್ಲಿ ಹಲವು ಕಂಪನಿಗಳಿಂದ ತಯಾರಾಗುತ್ತವೆ. ಬೆಲೆ ಬಹಳ ಇಳಿದಿದೆ.

ಕೀಮೋ ದಿನ ರೋಗಿ ಬೆಳಿಗ್ಗೆ ಬಂದು ರಕ್ತ ಪರೀಕ್ಷೆ ತೋರಿಸುತ್ತಾಳೆ. ಮೊದಲು ಅಲರ್ಜಿ ತಡೆಯುವ ಮತ್ತು ವಾಂತಿ ತಡೆಯುವ ಇಂಜೆಕ್ಷನ್ನುಗಳು, ನಂತರ ಮೂರು ತಾಸು ಪ್ಯಾಕ್ಲಿಟಾಕ್ಸೆಲ್, ಆಮೇಲೆ ಅರ್ಧದಿಂದ ಒಂದು ತಾಸು ಕಾರ್ಬೊಪ್ಲಾಟಿನ್. ಸಂಜೆಗೆ ಮನೆಗೆ ಹೊರಡಬಹುದು. ಎರಡು ಮೂರು ವಾರಕ್ಕೆ ಕೂದಲು ಉದುರುತ್ತದೆ, ಚಿಕಿತ್ಸೆ ಮುಗಿದ ಮೇಲೆ ಮತ್ತೆ ಬರುತ್ತದೆ. ಕೈಕಾಲು ಬೆರಳುಗಳಲ್ಲಿ ಬರುವ ಜೋಮು ಅಷ್ಟು ಬೇಗ ಹೋಗುವುದಿಲ್ಲ. ನಾಲ್ಕನೆಯ ಸುತ್ತಿನ ಹೊತ್ತಿಗೆ ಜಂಪರಿನ ಹುಕ್ಕು ಹಾಕಲು ಬೆರಳು ಮಾತು ಕೇಳದು, ರೊಟ್ಟಿ ಬಡಿಯುವಾಗ ಹಂಚಿನ ಬಿಸಿ ಗೊತ್ತಾಗದೆ ಕೈ ಸುಟ್ಟುಕೊಳ್ಳುತ್ತಾರೆ, ಹೊಲದಲ್ಲಿ ಕಾಲಿಗೆ ಮುಳ್ಳು ಚುಚ್ಚಿದ್ದು ಸಂಜೆ ತೊಳೆಯುವಾಗಲೇ ತಿಳಿಯುತ್ತದೆ. ಸಕ್ಕರೆ ಕಾಯಿಲೆಯಿರುವವರಿಗೆ ಇದು ಇನ್ನೂ ಹೆಚ್ಚು. ‘ಕೀಮೋ ಅಂದ ಮೇಲೆ ಇದೆಲ್ಲ ಇದ್ದದ್ದೇ’ ಎಂದು ನುಂಗಿಕೊಳ್ಳದೆ ಡಾಕ್ಟರಿಗೆ ಹೇಳಿದರೆ ಪ್ರಮಾಣ ಇಳಿಸುವುದಕ್ಕೆ, ಔಷಧಿ ಬದಲಿಸುವುದಕ್ಕೆ ದಾರಿಗಳಿವೆ.

ಜೋಮಿಗಿಂತ ಅಪಾಯಕಾರಿ ಜ್ವರ. ಕೀಮೋ ಆದ ಏಳರಿಂದ 14 ದಿನಗಳ ನಡುವೆ ರಕ್ತದ ಬಿಳಿ ಕಣಗಳು ಕೆಳಗಿಳಿಯುತ್ತವೆ. ಆಗ 100.4 ಡಿಗ್ರಿ ಜ್ವರ ಬಂದರೆ ಅದು ತುರ್ತುಸ್ಥಿತಿ. ಕೆಲವೇ ತಾಸುಗಳಲ್ಲಿ ಸರಿಯಾದ ಆ್ಯಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕು. ಊರಲ್ಲೇ ಒಂದು ಸೂಜಿ, ಒಂದು ಗ್ಲೂಕೋಸ್ ಬಾಟಲಿ ಏರಿಸಿಕೊಂಡು ನಾಳೆ ನೋಡೋಣ ಎಂದು ಮಲಗುವುದು ಕ್ಯಾನ್ಸರಿಗಿಂತ ಬೇಗ ಜೀವ ತೆಗೆಯಬಲ್ಲದು. ಕೀಮೋ ನಡೆಯುತ್ತಿರುವ ಪ್ರತಿ ಮನೆಯಲ್ಲೂ ಒಂದು ಥರ್ಮಾಮೀಟರ್ ಇರಲೇಬೇಕು.

ರೇಡಿಯೇಶನ್ನಿನ ಪಾತ್ರ ಇಲ್ಲಿ ಚಿಕ್ಕದು, ಆದರೆ ಇರುವ ಕಡೆ ಗಟ್ಟಿಯಾದದ್ದು. ಮೂರನೆಯ ಹಂತದಲ್ಲಿ, ಅದರಲ್ಲೂ ಸೀರಸ್ ಮತ್ತು ಪಿ53 ಕೆಟ್ಟ ಗಡ್ಡೆಗಳಲ್ಲಿ, ರೇಡಿಯೇಶನ್ ಜೊತೆ ಕೀಮೋ ಸೇರಿಸಿದರೆ ಬರಿಯ ರೇಡಿಯೇಶನ್ನಿಗಿಂತ ಹೆಚ್ಚು ಜನ ಉಳಿಯುತ್ತಾರೆ ಎಂದು ಯುರೋಪು ಮೊದಲಾದ ಕಡೆ ನಡೆದ ಪೋರ್ಟೆಕ್-3 ಅಧ್ಯಯನ ತೋರಿಸಿತು. ಆದರೆ ಕೀಮೋ ಪೂರ್ತಿ ಕೊಡುತ್ತಿರುವಾಗ ರೇಡಿಯೇಶನ್ ಸೇರಿಸುವುದರಿಂದ ಒಟ್ಟಾರೆ ಲಾಭವಿಲ್ಲವೆಂದು 2019ರ ಅಮೆರಿಕದ ಅಧ್ಯಯನ ಹೇಳಿತು. ರೇಡಿಯೇಶನ್ ಕಿಬ್ಬೊಟ್ಟೆಯಲ್ಲಿ ರೋಗ ಮರಳುವುದನ್ನು ತಗ್ಗಿಸಿತು, ದೂರ ಹರಡುವುದನ್ನು ತಡೆಯಲಿಲ್ಲ. ನಾಲ್ಕನೆಯ ಹಂತದಲ್ಲಿ ಅದರ ನಿಜವಾದ ಕೆಲಸ ನೋವು ಮತ್ತು ರಕ್ತ. ಮೂಳೆಗೆ ಹರಡಿ ರಾತ್ರಿಯೆಲ್ಲ ನರಳುವವರಿಗೆ ಒಂದೇ ಸಲ ಎಂಟು ಗ್ರೇ ಪ್ರಮಾಣದ ರೇಡಿಯೇಶನ್ ಕೊಟ್ಟರೆ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ನೋವು ಇಳಿಯುತ್ತದೆ. ಐದು ವಾರ ಹುಬ್ಬಳ್ಳಿಯಲ್ಲಿ ಕೋಣೆ ಹಿಡಿದಿರಬೇಕಾಗಿಲ್ಲ.

ಎಲ್ಲರೂ ಮರೆಯುವ ಚಿಕಿತ್ಸೆಯೆಂದರೆ ಹಾರ್ಮೋನ್ ಗುಳಿಗೆ. ಗಡ್ಡೆ ನಿಧಾನ ಬೆಳೆಯುವ ಎಂಡೊಮೆಟ್ರಿಯಾಯ್ಡ್ ಜಾತಿಯದಾಗಿದ್ದು, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಗ್ರಾಹಕಗಳು ಇದ್ದರೆ, ದಿನಕ್ಕೆ 160 ಮಿಲಿಗ್ರಾಂ ಮೆಜೆಸ್ಟ್ರಾಲ್ ಅಥವಾ 200 ಮಿಲಿಗ್ರಾಂ ಮೆಡ್ರಾಕ್ಸಿಪ್ರೊಜೆಸ್ಟರಾನ್ ನಾಲ್ವರಲ್ಲಿ ಒಬ್ಬರ ಗಡ್ಡೆಯನ್ನಾದರೂ ಕುಗ್ಗಿಸುತ್ತದೆ. ಔಷಧಿ ಹೆಚ್ಚು ಕೊಟ್ಟರೆ ಹೆಚ್ಚು ಗುಣ ಎಂಬ ನಂಬಿಕೆಯನ್ನೂ ಇದು ಸುಳ್ಳು ಮಾಡಿದೆ: 1,000 ಮಿಲಿಗ್ರಾಂ ಪಡೆದವರಿಗಿಂತ 200 ಪಡೆದವರಲ್ಲೇ ಗಡ್ಡೆ ಕುಗ್ಗಿದ್ದು ಹೆಚ್ಚು. ತೂಕ ಏರುತ್ತದೆ, ಸಕ್ಕರೆ ಏರುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಆದರೂ ಎಪ್ಪತ್ತೈದು ದಾಟಿದ, ಹೃದಯ ದುರ್ಬಲವಾದ, ಕೀಮೋ ತಾಳಲಾರದ ಅಜ್ಜಿಗೆ ಮನೆಯಲ್ಲೇ ಕೂತು ತಿನ್ನುವ ಅಗ್ಗದ ಗುಳಿಗೆಯೊಂದು ಇದೆ ಎಂಬುದು ದೊಡ್ಡ ಸಮಾಧಾನ. ಅದು ಅವರಿಗೆ ಸಿಗಬೇಕಾದರೆ ಬ್ಲಾಕಿನ ಮೇಲೆ ಗ್ರಾಹಕಗಳ ಪರೀಕ್ಷೆ ಆಗಿರಬೇಕು.

2023ರಲ್ಲಿ ಈ ರೋಗದ ಚಿಕಿತ್ಸೆಯ ನಕ್ಷೆ ಬದಲಾಯಿತು. ಕಾರ್ಬೊಪ್ಲಾಟಿನ್-ಪ್ಯಾಕ್ಲಿಟಾಕ್ಸೆಲ್ ಜೊತೆಗೆ ಇಮ್ಯುನೋಥೆರಪಿ ಸೇರಿಸಿದ ಎರಡು ಅಧ್ಯಯನಗಳ ಫಲಿತಾಂಶಗಳು ಆ ವರ್ಷ ಒಟ್ಟಿಗೆ ಪ್ರಕಟವಾದವು. ಕ್ಯಾನ್ಸರ್ ಕೋಶಗಳು ದೇಹದ ರಕ್ಷಣಾ ಕೋಶಗಳ ಮೇಲೆ ಒಂದು ಬ್ರೇಕ್ ಒತ್ತಿ ಅವುಗಳನ್ನು ನಿಲ್ಲಿಸಿರುತ್ತವೆ. ಪೆಂಬ್ರೊಲಿಜುಮ್ಯಾಬ್, ಡೊಸ್ಟಾರ್ಲಿಮ್ಯಾಬ್ ಎಂಬ ಔಷಧಿಗಳು ಆ ಬ್ರೇಕನ್ನು ಬಿಡಿಸುತ್ತವೆ. ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟ ಗಡ್ಡೆಗಳಲ್ಲಿ ಸಾವಿರಾರು ತಪ್ಪುಗಳು ತುಂಬಿರುವುದರಿಂದ ರಕ್ಷಣಾ ಕೋಶಗಳಿಗೆ ಅವು ಪರಕೀಯವಾಗಿ ಎದ್ದು ಕಾಣುತ್ತವೆ. ಫಲಿತಾಂಶ ಅದಕ್ಕೆ ತಕ್ಕಂತಿತ್ತು. ಆ ಗುಂಪಿನಲ್ಲಿ ಡೊಸ್ಟಾರ್ಲಿಮ್ಯಾಬ್ ಪಡೆದವರಲ್ಲಿ ಎರಡು ವರ್ಷವಾದರೂ ರೋಗ ಮುಂದುವರಿಯದೆ ಇದ್ದವರು ನೂರಕ್ಕೆ 61. ಬರಿಯ ಕೀಮೋ ಪಡೆದವರಲ್ಲಿ 16. ಪೆಂಬ್ರೊಲಿಜುಮ್ಯಾಬಿನಲ್ಲಿ ಒಂದು ವರ್ಷಕ್ಕೆ ನೂರಕ್ಕೆ 74, ಎದುರಿಗೆ 38. ಹರಡಿದ ಕ್ಯಾನ್ಸರಿನಲ್ಲಿ ಇಷ್ಟು ದೊಡ್ಡ ಅಂತರ ಅಪರೂಪ.

ತಿದ್ದುವ ವ್ಯವಸ್ಥೆ ಸರಿಯಿರುವ ಉಳಿದ ಮುಕ್ಕಾಲು ಪಾಲು ಮಹಿಳೆಯರಲ್ಲಿ ಲಾಭವಿದೆ, ಆದರೆ ಸಣ್ಣದು: ಪೆಂಬ್ರೊಲಿಜುಮ್ಯಾಬ್ ಸೇರಿಸಿದಾಗ ರೋಗ ತಡೆದು ನಿಂತ ಮಧ್ಯಮ ಅವಧಿ 8.7 ತಿಂಗಳಿಂದ 13.1ಕ್ಕೆ ಏರಿತು. ನಾಲ್ಕೂವರೆ ತಿಂಗಳು ರೋಗಿಗೆ ಸಣ್ಣದಲ್ಲ. ಆದರೆ ಈ ಔಷಧಿಯ ಒಂದು ಡೋಸಿಗೆ ಲಕ್ಷಗಟ್ಟಲೆ ರೂಪಾಯಿ, ಚಿಕಿತ್ಸೆ ಸುಮಾರು ಎರಡು ವರ್ಷ. ಗೋವಿನಜೋಳ ಬೆಳೆಯುವ ಎರಡೆಕರೆ ಹೊಲದ ಕುಟುಂಬವೊಂದು ಆ ಹೊಲ ಮಾರಿದರೂ ಪೂರ್ತಿ ಡೋಸುಗಳಾಗುವುದು ಕಷ್ಟ. ಇಲ್ಲಿ ಒಂದು ನಿಲುವು ಅಗತ್ಯ. ಮುಕ್ಕಾಲು ಪಾಲಿನವರು ಹೊಲ ಮಾರಿ ಈ ಔಷಧಿಗೆ ಹೋಗಬಾರದು. ಕಾಲು ಪಾಲಿನವರಿಗೆ ಇದನ್ನು ಸರ್ಕಾರವೇ ಕೊಡಿಸಬೇಕು. ಈ ಎರಡು ಮಾತುಗಳೂ ನಿಂತಿರುವುದು ಆ ಅಗ್ಗದ ಬಣ್ಣದ ಪರೀಕ್ಷೆಯ ಮೇಲೆ. ಪರೀಕ್ಷೆಯಿಲ್ಲದೆ ಎಲ್ಲರಿಗೂ ಕೊಡುವುದು ಖಜಾನೆಗೆ ಸಾಧ್ಯವಿಲ್ಲ, ಯಾರಿಗೂ ಕೊಡದಿರುವುದು ಎರಡು ವರ್ಷಕ್ಕೂ ಮೀರಿ ಬದುಕಬಲ್ಲವರನ್ನು ಕೈಬಿಟ್ಟಂತೆ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ: ಆ ಹಣದಲ್ಲಿ ಕೊರಳಿನ ಕ್ಯಾನ್ಸರಿನ ಲಸಿಕೆ, ತಪಾಸಣೆಗಳಿಂದ ಎಷ್ಟೋ ಹೆಚ್ಚು ಜೀವ ಉಳಿಸಬಹುದಲ್ಲ? ಆಕ್ಷೇಪ ನ್ಯಾಯವಾದದ್ದು, ತಪಾಸಣೆಗೇ ಮೊದಲ ಹಣ ಹೋಗಬೇಕು. ಆದರೆ ಬೆಲೆ ಎಂಬುದು ಕಲ್ಲಿನ ಮೇಲೆ ಕೊರೆದದ್ದಲ್ಲ. ಬೆಂಗಳೂರಿನ ಬಯೋಕಾನ್ ತಯಾರಿಸಿದ ಟ್ರಾಸ್ಟುಜುಮ್ಯಾಬ್ 2014ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಸ್ತನ ಕ್ಯಾನ್ಸರಿನ ಆ ಔಷಧಿಯ ಬೆಲೆ ಇಳಿಯುತ್ತ ಬಂತು. ಇಮ್ಯುನೋಥೆರಪಿಯಲ್ಲೂ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 2022ರಲ್ಲಿ ಬೇರೊಂದು ದಾರಿ ತೋರಿಸಿದರು: ಬಾಯಿ-ಗಂಟಲಿನ ಕ್ಯಾನ್ಸರಿನಲ್ಲಿ ನಿವೊಲುಮ್ಯಾಬನ್ನು ವಾಡಿಕೆಯ ಪ್ರಮಾಣದ ಹತ್ತನೆಯ ಒಂದು ಪಾಲಿಗಿಂತ ಕಡಿಮೆ, ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು, ಒಂದು ವರ್ಷ ಬದುಕಿದವರ ಪ್ರಮಾಣವನ್ನು ನೂರಕ್ಕೆ 16ರಿಂದ 43ಕ್ಕೆ ಏರಿಸಿದರು. ಅದು ಗಂಟಲಿನ ಕ್ಯಾನ್ಸರಿನ ಲೆಕ್ಕ. ಅದನ್ನು ಗರ್ಭಕೋಶಕ್ಕೆ ಹಾಗೇ ಎತ್ತಿ ಹಾಕುವಂತಿಲ್ಲ. ಆದರೆ ಅಂಥದೇ ಅಧ್ಯಯನ ಗರ್ಭಕೋಶದ ಕ್ಯಾನ್ಸರಿಗೂ ನಮ್ಮ ದೇಶದಲ್ಲೇ ನಡೆಯಬೇಕು. ಕಡಿಮೆ ಡೋಸು ಸಾಕು ಎಂದು ಸಾಬೀತು ಮಾಡುವುದರಲ್ಲಿ ಔಷಧ ಕಂಪನಿಗೆ ಆಸಕ್ತಿಯಿರಬೇಕಾದ ಕಾರಣವಿಲ್ಲ.

ಮೊದಲ ಕೀಮೋ ನಂತರ ರೋಗ ಮರಳಿದರೆ ದಾರಿಗಳು ಕವಲೊಡೆಯುತ್ತವೆ. ಆರು ತಿಂಗಳಿಗಿಂತ ಬಹಳ ತಡವಾಗಿ ಮರಳಿದ್ದರೆ ಅದೇ ಜೋಡಿಯನ್ನು ಮತ್ತೆ ಕೊಡಬಹುದು. ತಿದ್ದುವ ವ್ಯವಸ್ಥೆ ಕೆಟ್ಟಿದ್ದು ಮೊದಲು ಇಮ್ಯುನೋಥೆರಪಿ ಸಿಕ್ಕಿಲ್ಲದಿದ್ದರೆ ಅದೊಂದನ್ನೇ ಕೊಟ್ಟಾಗಲೂ ಅರ್ಧದಷ್ಟು ಮಂದಿಯಲ್ಲಿ ಗಡ್ಡೆ ಕುಗ್ಗುತ್ತದೆ. ವ್ಯವಸ್ಥೆ ಸರಿಯಿದ್ದವರಿಗೆ ಪೆಂಬ್ರೊಲಿಜುಮ್ಯಾಬ್ ಜೊತೆ ಲೆನ್ವಾಟಿನಿಬ್ ಗುಳಿಗೆ ಸೇರಿಸಿದಾಗ ಮಧ್ಯಮ ಆಯುಷ್ಯ 12 ತಿಂಗಳಿಂದ ಸುಮಾರು 17ಕ್ಕೆ ಏರಿತು. ರಕ್ತದೊತ್ತಡ, ಭೇದಿ, ಸುಸ್ತು ಆ ಜೋಡಿಯ ಕಂದಾಯ. ಹರ್2 ಇರುವ ಸೀರಸ್ ಗಡ್ಡೆಗೆ ಟ್ರಾಸ್ಟುಜುಮ್ಯಾಬ್ ಸೇರಿಸಬಹುದು, ಅದು ಈಗ ದೇಶೀಯವಾಗಿಯೇ ಸಿಗುವಂಥದ್ದು. ಅದಕ್ಕೇ ಕೀಮೋ ಔಷಧಿ ಅಂಟಿಸಿ ತಯಾರಿಸಿದ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಇನ್ನೂ ಬಲವಾದದ್ದು. 2024ರ ಜುಲೈ ಬಜೆಟ್ಟಿನಲ್ಲಿ ಆಮದು ಸುಂಕದಿಂದ ಮುಕ್ತವಾದ ಮೂರು ಕ್ಯಾನ್ಸರ್ ಔಷಧಿಗಳಲ್ಲಿ ಅದೂ ಒಂದು. ಸುಂಕ ಹೋದರೂ ಬೆಲೆ ಸಾಮಾನ್ಯರ ಕೈಗೆ ಇನ್ನೂ ನಿಲುಕಿಲ್ಲ.

ಈ ಎಲ್ಲದರ ಪಕ್ಕದಲ್ಲಿ, ಮೊದಲ ದಿನದಿಂದಲೇ ನಡೆಯಬೇಕಾದದ್ದು ನೋವು ನಿವಾರಣೆಯ ಆರೈಕೆ. ‘ಇನ್ನೇನೂ ಮಾಡಲಿಕ್ಕಾಗೂದಿಲ್ಲ, ಮನಿಗೆ ಕರಕೊಂಡು ಹೋಗ್ರಿ’ ಎಂದ ಮೇಲೆ ಆರಂಭವಾಗುವಂಥದ್ದಲ್ಲ ಅದು. ಶ್ವಾಸಕೋಶದ ಕ್ಯಾನ್ಸರಿನ ರೋಗಿಗಳಿಗೆ ಆರಂಭದಲ್ಲೇ ಈ ಆರೈಕೆ ಕೊಟ್ಟ 2010ರ ಅಮೆರಿಕದ ಅಧ್ಯಯನದಲ್ಲಿ ಅವರ ಬದುಕು ಹಗುರವಾದದ್ದಲ್ಲದೆ ಆಯುಷ್ಯವೂ ಹೆಚ್ಚಾಯಿತು. ಗರ್ಭಕೋಶದ ಕ್ಯಾನ್ಸರಿನಲ್ಲಿ ಹೆಂಗಸರು ಯಾರಿಗೂ ಹೇಳದೆ ಅನುಭವಿಸುವ ಕಷ್ಟವೊಂದಿದೆ: ವಾಸನೆಯ ಸ್ರಾವ. ಆ ನಾಚಿಕೆಗೆ ಅವರು ಪಡಸಾಲೆಗೆ ಬರುವುದನ್ನು ಬಿಡುತ್ತಾರೆ, ಮೊಮ್ಮಕ್ಕಳನ್ನು ಹತ್ತಿರ ಕರೆಯುವುದನ್ನು ಬಿಡುತ್ತಾರೆ. ಮೆಟ್ರೊನಿಡಜೋಲ್ ಎಂಬ, ಯಾವ ಔಷಧಿ ಅಂಗಡಿಯಲ್ಲೂ ಕೆಲವೇ ರೂಪಾಯಿಗೆ ಸಿಗುವ ಔಷಧಿಯನ್ನು ವೈದ್ಯರ ಸಲಹೆಯಂತೆ ಬಳಸಿದರೆ ಆ ವಾಸನೆ ಕೆಲವೇ ದಿನಗಳಲ್ಲಿ ತಗ್ಗುತ್ತದೆ. ರಕ್ತಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆ್ಯಸಿಡ್ ಗುಳಿಗೆ, ಅದು ಸಾಲದಿದ್ದರೆ ನಾಲ್ಕಾರು ದಿನದ ರೇಡಿಯೇಶನ್. ಗಡ್ಡೆ ಮೂತ್ರನಾಳವನ್ನು ಒತ್ತಿ ಮೂತ್ರಪಿಂಡ ಕೆಟ್ಟರೆ ಸ್ಟೆಂಟ್.

ನೋವಿಗೆ ಮಾರ್ಫಿನ್. ಹೆಸರು ಕೇಳಿದರೆ ಮನೆಯವರೂ ಕೆಲವು ಡಾಕ್ಟರೂ ಹಿಂದೆ ಸರಿಯುತ್ತಾರೆ. ಕ್ಯಾನ್ಸರ್ ನೋವಿಗೆ ಬಾಯಿಂದ ತೆಗೆದುಕೊಳ್ಳುವ ಮಾರ್ಫಿನ್ ಚಟವಾಗುವುದು ಅಪರೂಪ, ಅದು ಸಾವನ್ನು ಹತ್ತಿರ ತರುವುದೂ ಇಲ್ಲ. ಮಲಬದ್ಧತೆ ಮಾತ್ರ ಖಂಡಿತ, ಅದಕ್ಕೆ ಮೊದಲ ದಿನದಿಂದಲೇ ಜುಲಾಬು ಸೇರಿಸಬೇಕು. 1985ರ ಮಾದಕ ವಸ್ತು ಕಾಯಿದೆಯ ಬಿಗಿಯಿಂದಾಗಿ ವರ್ಷಗಟ್ಟಲೆ ಇದು ದೇಶದ ರೋಗಿಗಳಿಗೆ ಸಿಗದೇ ಹೋಯಿತು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳುವ ದಾರಿಯನ್ನು ಸರಳಗೊಳಿಸಿತು. ಕಾನೂನು ಬಿಟ್ಟ ಮೇಲೂ ತಾಲೂಕು ಆಸ್ಪತ್ರೆಯ ಕಪಾಟಿನಲ್ಲಿ ಮಾರ್ಫಿನ್ ಇಲ್ಲದಿದ್ದರೆ ಅದಕ್ಕೆ ನೆಪ ಉಳಿದಿಲ್ಲ.

ಹಾನಗಲ್ ತಾಲೂಕಿನ ಆಡೂರಿನಿಂದಾಗಲಿ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಿಂದಾಗಲಿ, ಕ್ಯಾನ್ಸರಿಗೆಂದು ಹೊರಡುವ ದಾರಿ ಬಹುತೇಕ ಹುಬ್ಬಳ್ಳಿಗೆ. ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ದಶಕಗಳಿಂದ ಈ ಭಾಗದ ರೋಗಿಗಳನ್ನು ನೋಡಿಕೊಂಡು ಬಂದಿದೆ. ಅದಕ್ಕೂ ಮೀರಿದ್ದಕ್ಕೆ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ ಶೇ. 30ರಷ್ಟು, ಒಂದೂವರೆ ಲಕ್ಷದ ಮಿತಿಯಲ್ಲಿ. ಆಪರೇಶನ್, ಹಳೆಯ ಕೀಮೋ, ರೇಡಿಯೇಶನ್‌ಗೆ ಇದು ಬಹುಮಟ್ಟಿಗೆ ಸಾಕು. ಸೋರುವುದು ಬೇರೆ ಕಡೆ: ಬಸ್ಸು, ಊಟ, ಜೊತೆಗೆ ಬಂದವರ ಕೂಲಿ ನಷ್ಟ. ಆರು ಸುತ್ತು ಕೀಮೋ ಎಂದರೆ ನಡುವಿನ ರಕ್ತ ಪರೀಕ್ಷೆಗಳೂ ಸೇರಿ ಹತ್ತು ಹನ್ನೆರಡು ಪ್ರಯಾಣ; ಮೂರನೆಯ ಸುತ್ತಿಗೆ ಬಿಟ್ಟುಬಿಡುವವರಲ್ಲಿ ಔಷಧಿ ಸೋತದ್ದಕ್ಕಿಂತ ದಾರಿ ಸೋಲಿಸಿದ್ದೇ ಹೆಚ್ಚು. 2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲೆಗಳಲ್ಲಿ ಆರಂಭಿಸಿದ ಡೇ-ಕೇರ್ ಕೀಮೋ ಕೇಂದ್ರಗಳು ಈ ಕಾರಣಕ್ಕೆ ಮುಖ್ಯ: ಮೊದಲ ಸುತ್ತು ದೊಡ್ಡ ದವಾಖಾನೆಯಲ್ಲಿ, ಮುಂದಿನವು ಊರಿನ ಹತ್ತಿರ. ಪ್ಯಾಕ್ಲಿಟಾಕ್ಸೆಲ್-ಕಾರ್ಬೊಪ್ಲಾಟಿನ್ ಇಂಥ ವ್ಯವಸ್ಥೆಗೆ ಹೇಳಿ ಮಾಡಿಸಿದ ಚಿಕಿತ್ಸೆ.

ಮೊದಲ ಬಾರಿ ಹುಬ್ಬಳ್ಳಿಗೆ ಹೊರಡುವ ದಿನ ಪ್ಲಾಸ್ಟಿಕ್ ಚೀಲದಲ್ಲಿ ರೇಷನ್ ಕಾರ್ಡು, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ಸ್ಕ್ಯಾನಿನ ಸಿ.ಡಿ. ಇರುತ್ತವೆ. ಬಯಾಪ್ಸಿ ಎಲ್ಲಿ ಆಯಿತೋ, ಗರ್ಭಕೋಶ ಎಲ್ಲಿ ತೆಗೆದರೋ ಆ ಆಸ್ಪತ್ರೆಗೆ ಹಿಂದಿನ ದಿನವೇ ಹೋಗಿ ಬ್ಲಾಕು ಮತ್ತು ಸ್ಲೈಡುಗಳನ್ನು ಕೇಳಿ ಪಡೆಯಿರಿ. ಬಿಸಿಲಿಗೆ ಮೇಣ ಕರಗದಂತೆ ಬಟ್ಟೆಯಲ್ಲಿ ಸುತ್ತಿ, ಆ ಚೀಲದಲ್ಲಿ ಅದನ್ನೂ ಇಟ್ಟುಕೊಳ್ಳಿ.